ನಾಲ್ಕನೇ ತಾರೀಖಿನ ನಂತರ ಬಿಳಿ ದಾರ

ಬೆಟಗೇರಿಯ ಟೇಲರ್ ಬಾಬಣ್ಣನನ್ನು ಕಳೆದ ನಲವತ್ತೊಂಬತ್ತು ವರ್ಷಗಳಲ್ಲಿ ಯಾರೂ ಯಾವ ವಿಷಯಕ್ಕೂ ಅಭಿಪ್ರಾಯ ಕೇಳಿರಲಿಲ್ಲ. ಮದುವೆಯ ಹೊತ್ತಿನಲ್ಲಿ ಹುಡುಗಿ ಒಪ್ಪಿಗೆಯೇ ಎಂದು ಹಿರಿಯರು ಕೇಳಿದ್ದು ಕೂಡ ಅವನ ಅವ್ವ ಬನಶಂಕರೆವ್ವನನ್ನು. ಅಪ್ಪನ ಕಾಲದ ಎರಡು ಕೈಮಗ್ಗಗಳನ್ನು ತೆಗೆದು ಅಲ್ಲಿ ಹೊಲಿಗೆ ಮಷೀನು ಇಡುವಾಗಲೂ ಅಷ್ಟೆ. ಅವ್ವ ನಿರ್ಧಾರ ಮಾಡಿದಳು, ಹೆಂಡತಿ ರೋಹಿಣಿ ಜಾಗ ಅಳೆದಳು, ಬಾಬಣ್ಣ ಮಷೀನು ಹೊತ್ತು ತಂದ. ಹೀಗಾಗಿ ಯಾರೂ ಕೇಳದೆ ಅವನೊಳಗೇ ಉಳಿದುಹೋದ ಅಭಿಪ್ರಾಯಗಳು ಬಹಳ. ದಿನಾ ಬೆಳಿಗ್ಗೆ ಪೇಪರನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೆ ಬಿಡದೆ ಓದಿ, ಅವನ್ನೆಲ್ಲ ಮೇಜಿನ ಮೇಲೆ ಹಾಸಿದ ಬಟ್ಟೆಯ ಮುಂದೆ ಹೇಳಿಕೊಳ್ಳುತ್ತಿದ್ದ. ಬಟ್ಟೆ ಎದುರು ಮಾತಾಡುತ್ತಿರಲಿಲ್ಲ. ಬಾಬಣ್ಣನಿಗೆ ಬಟ್ಟೆಯ ಮೇಲೆ ಇದ್ದ ಗೌರವಕ್ಕೆ ಅದೇ ಕಾರಣ.

ಲೋಕಸಭೆಯ ಮತದಾನ ಮುಗಿದು, ಎಣಿಕೆಗೆ ಇನ್ನೂ ಎರಡು ವಾರ ಇತ್ತು. ಅಂಥ ಒಂದು ಮಧ್ಯಾಹ್ನ ಪಕ್ಕದ ಓಣಿಯ ಸುಶ್ಮಿತಾ ಅಂಗಡಿಯ ಮುಂದೆ ಬಂದು ನಿಂತಳು. 'ಬೆಟಗೇರಿ ಬೆಳಕು' ಎಂಬ ಹೆಸರಿನಲ್ಲಿ ಮೊಬೈಲಿನಲ್ಲೇ ಸುದ್ದಿ ಮಾಡಿ ಬಿಡುವ ಹುಡುಗಿ ಅವಳು. ಕೈಯಲ್ಲಿ ಮೊಬೈಲು ಸಿಕ್ಕಿಸಿದ ಕೋಲು.

"ಕಾಕಾ, ನಿಮ್ಮ ಅಭಿಪ್ರಾಯ ಬೇಕಾಗಿತ್ರಿ" ಅಂದಳು.

ಬಾಬಣ್ಣನ ಕೈಯೊಳಗಿನ ಕತ್ತರಿ ಬಟ್ಟೆಯ ನಡುವೆ ನಿಂತಿತು. "ಯಾರದು? ನಂದೇನು?"

"ಹೌದ್ರಿ. ದಿಲ್ಲಿಯೊಳಗ ಯಾರು ಬಂದ್ರ ಸಣ್ಣ ವ್ಯಾಪಾರಸ್ಥರಿಗೆ ಏನಾಕ್ಕೈತಿ ಅಂತ ಬಜಾರದಾಗ ಎಲ್ಲಾರನ್ನೂ ಕೇಳಾಕತ್ತೀನಿ. ಯಾರೂ ಮಾತಾಡವಲ್ರು. ನೀವರ ಎರಡು ಮಾತು ಹೇಳ್ರಿ."

ಎರಡು ಮಾತು ಎಂದದ್ದಕ್ಕೆ ಬಾಬಣ್ಣನಿಗೆ ಕೊಂಚ ನೋವಾಯಿತು. ಆದರೂ ಹತ್ತು ನಿಮಿಷ ಬಿಡುವು ಕೇಳಿ ಒಳಗೆ ಹೋದ. ಮುಖ ತೊಳೆದ. ಗಿರಾಕಿಗೆ ಕೊಡಲು ಇಸ್ತ್ರಿ ಮಾಡಿಟ್ಟಿದ್ದ ಒಬ್ಬ ಮಾಸ್ತರರ ಹೊಸ ಅಂಗಿ ಹಾಕಿಕೊಂಡ. ಕೊರಳಿನ ಟೇಪು ತೆಗೆದಿಟ್ಟ. ಅದಿಲ್ಲದೆ ತನ್ನ ಉದ್ಯಮ ಯಾವುದೆಂದು ನೋಡುವವರಿಗೆ ತಿಳಿಯಲಿಕ್ಕಿಲ್ಲ ಎನ್ನಿಸಿ ಮತ್ತೆ ಹಾಕಿಕೊಂಡ. ಹೊರಗೆ ಬಂದು, ಗಂಟಲು ಸರಿ ಮಾಡಿಕೊಂಡು, "ಮೊದಲನೇದಾಗಿ, ಅರ್ಥವ್ಯವಸ್ಥೆ ಅಂದ್ರ ಏನು?" ಎಂದು ಶುರು ಮಾಡಿದ.

ಏಳು ನಿಮಿಷ ಮಾತಾಡಿದ. ಡಾಲರು ಬಂತು, ಪೆಟ್ರೋಲು ಬಂತು, ಹತ್ತಿಯ ದರ ಬಂತು, ಜಿಎಸ್‌ಟಿ ಬಂತು, ಅವನ ಅಪ್ಪನ ಕಾಲದ ಸೀರೆಯ ಬಾರ್ಡರು ಕೂಡ ಬಂತು. ಇನ್ನೇನು ಚೀನಾ ದೇಶಕ್ಕೆ ಬರಬೇಕು, ಒಳಗಿನಿಂದ ಗುಂಡಿ ಹಚ್ಚುತ್ತಿದ್ದ ರೋಹಿಣಿಯ ದನಿ ಬಂತು.

"ಏನ್ರೀ, ಡಂಬಳದ ಶಾಲಿ ಅಂಗಿಗೆ ಬಿಳಿ ದಾರ ಯಾವಾಗ ತರತೀರಿ? ಇನಾಯತ ಭಾಯಿ ಅಂಗಡಿ ಬಂದ್ ಮಾಡತಾರಂತ, ನೆನಪೈತಿಲ್ಲ?"

ಡಂಬಳದ ಶಾಲೆಯೊಂದರ ಮಕ್ಕಳಿಗೆ ಇನ್ನೂರಾ ನಲವತ್ತು ಬಿಳಿ ಅಂಗಿ ಹೊಲಿದು ಜೂನ್ ಆರಕ್ಕೆ ಮುಟ್ಟಿಸಬೇಕಿತ್ತು. ಬಾಬಣ್ಣನ ಅಂಗಡಿಗೆ ಅಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿರಲಿಲ್ಲ. ದಾರ ತರುತ್ತಿದ್ದದ್ದು ಇನಾಯತನ ಅಂಗಡಿಯಿಂದ ಮಾತ್ರ. ಬೇರೆಯವರ ದಾರ ಅವನ ಹಳೆಯ ಮಷೀನಿನಲ್ಲಿ ಹರಿಯುತ್ತಿತ್ತು. ಇನಾಯತನ ಮಗಳು ಮುಮ್ತಾಜ ಸೊಲ್ಲಾಪುರದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಅದನ್ನು ನೋಡಲೆಂದು ಆತ ಜೂನ್ ಐದರಿಂದ ಹದಿನೈದು ದಿನ ಅಂಗಡಿ ಮುಚ್ಚುವವನಿದ್ದ. ವಿಷಯ ಇಷ್ಟೇ.

ದೇಶದ ಮುಂದೆ ಮಾತಾಡುತ್ತಿರುವಾಗ ಹೆಂಡತಿ ದಾರದ ಸುದ್ದಿ ತೆಗೆದದ್ದಕ್ಕೆ ಬಾಬಣ್ಣನಿಗೆ ಸಿಟ್ಟು ಬಂತು. ಆದರೆ ಹಿಂದೆ ತಿರುಗಿದರೆ ಮುಖ ಕ್ಯಾಮೆರಾದಿಂದ ತಪ್ಪುತ್ತದೆ. ಹೀಗಾಗಿ ಕ್ಯಾಮೆರಾವನ್ನೇ ಕೆಕ್ಕರಿಸಿ ನೋಡುತ್ತ, ತೋರುಬೆರಳು ಎತ್ತಿ ಹೇಳಿದ:

"ನಾಲ್ಕನೇ ತಾರೀಖಿನ ನಂತರ ಬಿಳಿ ದಾರ ಸಿಗಂಗಿಲ್ಲ. ಎಷ್ಟು ಬೇಕೊ ಅಷ್ಟು ಈಗ ತಂದು ಇಟ್ಕೋಬೇಕು. ಗೊತ್ತೈತಿ ನನಗ!"

ಸುಶ್ಮಿತಾ ಮನೆಗೆ ಹೋಗಿ ಕುಳಿತಳು. ಅರ್ಧ ನಿಮಿಷಕ್ಕಿಂತ ಉದ್ದವಾದದ್ದನ್ನು ಜನ ನೋಡುವುದಿಲ್ಲ. ಏಳು ನಿಮಿಷವನ್ನು ನಾಲ್ಕು ಸಲ ಕೇಳಿದಳು. ಅದರಲ್ಲಿ ಅವಳಿಗೆ ಅರ್ಥವಾದದ್ದು ಒಂದೇ ಮಾತು. ಹಿಂದಿನಿಂದ ಯಾರೋ ಹೆಂಗಸು ಕೂಗುವ ಗದ್ದಲವನ್ನು ಕತ್ತರಿಸಿ, ತನ್ನ ಪ್ರಶ್ನೆಯ ಬೆನ್ನಿಗೆ ಆ ಮಾತನ್ನು ಅಂಟಿಸಿ ಬಿಟ್ಟಳು. 'ದಿಲ್ಲಿಯೊಳಗ ಯಾರು ಬಂದ್ರ ಸಣ್ಣ ವ್ಯಾಪಾರಸ್ಥರಿಗೆ ಏನಾಕ್ಕೈತಿ?' 'ನಾಲ್ಕನೇ ತಾರೀಖಿನ ನಂತರ ಬಿಳಿ ದಾರ ಸಿಗಂಗಿಲ್ಲ.' ಜೂನ್ ನಾಲ್ಕು ಮತ ಎಣಿಕೆಯ ದಿನ ಎಂಬುದು ಆ ಹೊತ್ತಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಬಾಬಣ್ಣ ಚಹಾ ಕುಡಿಯಲು ಹೋದರೆ ಹೋಟೆಲಿನ ಮೌನೇಶ ಕುರ್ಚಿ ಒರೆಸಿ ಕೊಟ್ಟ. ಇಪ್ಪತ್ತು ವರ್ಷಗಳಿಂದ ಬಾಬಣ್ಣ ಅಲ್ಲಿ ನಿಂತೇ ಕುಡಿಯುತ್ತಿದ್ದ.

"ಕುಂಡ್ರಿ ಬಾಬಣ್ಣಾರ. ಏನ್ರಿ ಅದು, ಅಂಥಾ ಮಾತು ಹೇಳಿಬಿಟ್ರಿ?"

ನಿನ್ನೆಯ ತನಕ ಬಾಬ್ಯಾ ಆಗಿದ್ದವನು ಇವತ್ತು ಬಾಬಣ್ಣಾರ ಆಗಿದ್ದ. ಸುತ್ತ ಏಳೆಂಟು ಜನ ಕೂಡಿದರು. ಮೊಬೈಲಿನಲ್ಲಿ ಬೆರಳೆತ್ತಿ ಗುಡುಗುತ್ತಿದ್ದ ತನ್ನನ್ನು ತಾನೇ ನೋಡಿ ಬಾಬಣ್ಣ ಬೆಚ್ಚಿದ. ಆಗಲೇ 'ಏ, ಅದು ಇನಾಯತನ ಅಂಗಡಿ ಸುದ್ದಿ' ಎಂದು ಹೇಳಿ ಮುಗಿಸಬಹುದಿತ್ತು. ಹೇಳಲು ಬಾಯಿ ಕೂಡ ತೆರೆದ. ಅಷ್ಟರಲ್ಲಿ ಯಾರೋ ಒಬ್ಬರು, "ಒಳಗಿನ ಖಬರ ಇರಬೇಕಪಾ, ಇಲ್ಲಂದ್ರ ಇಷ್ಟು ಧೈರ್ಯದಿಂದ ಹೇಳಾಕ ಬರತೈತೇನು?" ಅಂದರು. ತೆರೆದ ಬಾಯಿಯನ್ನು ಬಾಬಣ್ಣ ಬೇರೆ ಕೆಲಸಕ್ಕೆ ಉಪಯೋಗಿಸಿದ.

"ನೋಡ್ರಿ, ಎಲ್ಲಾನೂ ಬಾಯಿ ಬಿಟ್ಟು ಹೇಳಾಕ ಬರಂಗಿಲ್ಲ" ಅಂದ.

ಅಷ್ಟು ಸಾಕಾಯಿತು. ಚಹಾ ಆರುವುದರೊಳಗೆ ಹೋಟೆಲಿನಲ್ಲಿ ಎರಡು ಸಿದ್ಧಾಂತ ಹುಟ್ಟಿದವು. ಈ ಪಕ್ಷ ಬಂದರೆ ಬಿಳಿ ದಾರವೆಲ್ಲ ಹೊರದೇಶಕ್ಕೆ ಹೋಗುತ್ತದೆ ಎಂದು ಆ ಪಕ್ಷದವರು. ಆ ಪಕ್ಷ ಬಂದರೆ ಹೊರದೇಶದಿಂದ ಬರುವ ಬಿಳಿ ದಾರ ನಿಲ್ಲುತ್ತದೆ ಎಂದು ಈ ಪಕ್ಷದವರು. ಎರಡೂ ಕಡೆಯವರು ಮೇಜು ಗುದ್ದಿ ಜಗಳಾಡಿದರು. ಆದರೆ ಬಿಳಿ ದಾರ ಸಿಗುವುದಿಲ್ಲ ಎಂಬ ಮಾತಿಗೆ ಮಾತ್ರ ಇಬ್ಬರದೂ ಒಪ್ಪಿಗೆ ಇತ್ತು. ಗದಗ-ಬೆಟಗೇರಿಯ ಇತಿಹಾಸದಲ್ಲಿ ಎರಡು ಪಕ್ಷಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಬಜಾರದಲ್ಲಿ ಬಿಳಿ ದಾರಕ್ಕೆ ಪಾಳಿ ಹಚ್ಚಿದರು. ಟೇಲರುಗಳು ಕೊಂಡರು, ಗಾದಿ ಹೊಲಿಯುವವರು ಕೊಂಡರು, ಸೂಜಿಯ ಯಾವ ತುದಿಗೆ ತೂತು ಇರುತ್ತದೆ ಎಂದು ಗೊತ್ತಿಲ್ಲದ ಕಿರಾಣಿ ಅಂಗಡಿಯವರು ಕೊಂಡು ಬೇಳೆಯ ಡಬ್ಬದ ಹಿಂದೆ ಇಟ್ಟರು. ಓಣಿಯ ಗಂಡಸರೆಲ್ಲ ಡಬ್ಬಿಗಟ್ಟಲೆ ರೀಲು ತಂದು ಮಂಚದ ಕೆಳಗೆ ತುಂಬಿ, ಮುಟ್ಟಬೇಡಿ ಎಂದು ಹೆಂಡಿರಿಗೆ ತಾಕೀತು ಮಾಡಿದರು. ಮೂಲೆಯಲ್ಲಿ ಹೂ ಮಾರುವ ರೇಣುಕವ್ವ ಮಾಲೆ ಕಟ್ಟಲು ದಾರ ಸಿಗದೆ, ಸಿಕ್ಕಷ್ಟನ್ನು ತುಟ್ಟಿ ಕೊಟ್ಟು ತಂದು, ಮಲ್ಲಿಗೆಯ ದರವನ್ನು ಮೊಳಕ್ಕೆ ಐದು ರೂಪಾಯಿ ಏರಿಸಿದಳು. ಯಾಕೆ ಎಂದು ಕೇಳಿದವರಿಗೆ, "ದಿಲ್ಲಿಯಿಂದ ಬಂದೈತಿ. ನನ್ನ ಏನು ಕೇಳತೀರಿ?" ಎಂದಳು.

ಮನೆಯಲ್ಲಿ ರೋಹಿಣಿ ವಿಡಿಯೋ ನೋಡಿ ಹಣೆಗೆ ಕೈ ಹಚ್ಚಿದಳು.

"ಇದು ನಾನು ಕೇಳಿದ್ದಕ್ಕ ನೀವು ಕೊಟ್ಟ ಉತ್ತರ ಅಲ್ಲೇನ್ರಿ?"

"ಹೌದು, ಖರೆ. ಆದ್ರ ಜನಕ್ಕ ಹಂಗ ತಿಳದೈತಿ."

"ತಿಳದೈತಿ ಅಂದ್ರ, ಹೋಗಿ ಹೇಳ್ರಿ."

"ಹೇಳತೀನಿ ಹೇಳತೀನಿ. ಎರಡು ದಿನ ತಡಿ." ಎರಡು ದಿನದ ಮಟ್ಟಿಗಾದರೂ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುವ ಆಸೆ ಅವನದು.

"ಮೊದಲು ನಮಗ ದಾರ ತರ್ರಿ" ಅಂದಳು ರೋಹಿಣಿ. ಬಾಬಣ್ಣ ಅದಕ್ಕೂ ಹೂಂ ಅಂದ. ಇನಾಯತ ತನ್ನ ಗೆಳೆಯ, ತನಗೆ ತೆಗೆದಿಡದೆ ಇರುತ್ತಾನೆಯೇ ಎಂಬ ನಂಬಿಕೆ.

ಎರಡು ದಿನ ಐದಾಯಿತು. ಆರನೆಯ ದಿನ ಅಂಗಡಿಯ ಮುಂದೆ ಸರಕಾರಿ ಜೀಪು ನಿಂತಿತು. ಇಳಿದವರು ಗವಿಸಿದ್ದೇಶ ಎಂಬ ಅಧಿಕಾರಿ. ಯಾವ ಇಲಾಖೆ ಎಂದು ಬಾಬಣ್ಣ ಹೆದರಿಕೆಯಲ್ಲಿ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೈಯಲ್ಲಿ ಫೈಲು ಇತ್ತು.

"ಬಾಬಣ್ಣ ಅಂದ್ರ ನೀವೇನು? ನೀತಿ ಸಂಹಿತೆ ಜಾರಿಯೊಳಗ ಐತಿ. ಫಲಿತಾಂಶದ ಭವಿಷ್ಯ ಹೇಳಿದ್ರಂತ?"

"ಇಲ್ರಿ ಸಾಹೇಬ್ರ, ಫಲಿತಾಂಶದ್ದಲ್ರಿ. ದಾರದ್ದು."

"ದಾರದ್ದು." ಸಾಹೇಬರು ಬರೆದುಕೊಂಡರು. "ನಿಮ್ಮ ಅಂಗಡಿಯೊಳಗ ಎಷ್ಟು ದಾಸ್ತಾನು ಐತಿ? ತೋರಿಸ್ರಿ."

ಇಡೀ ಓಣಿ ಬಾಗಿಲಲ್ಲಿ ನಿಂತು ನೋಡಿತು. ಸಾಹೇಬರು ಕಪಾಟು ತೆಗೆಸಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು, ಬನಶಂಕರೆವ್ವ ಕುಳಿತಿದ್ದ ಪೆಟ್ಟಿಗೆಯಿಂದ ಅವಳನ್ನು ಎಬ್ಬಿಸಿ ಅದರೊಳಗೂ ನೋಡಿದರು. ಅಲ್ಲಿ ಇದ್ದದ್ದು ಆಕೆಯ ಎಲೆ-ಅಡಿಕೆ ಚೀಲ. ಕೊನೆಗೆ ಸಿಕ್ಕಿದ್ದು ಮಷೀನಿನ ಮೇಲಿದ್ದ ಅರ್ಧ ರೀಲು.

"ಇಷ್ಟ?" ಸಾಹೇಬರಿಗೆ ಅವಮಾನವಾದಂತಾಯಿತು. "ಜಿಲ್ಲಾಕ್ಕೆಲ್ಲಾ ದಾರ ಇಟ್ಕೋರಿ ಅಂತ ಹೇಳಿ, ನೀವು ಅರ್ಧ ರೀಲು ಇಟ್ಟೀರೇನು?"

"ನನಗ ವ್ಯಾಳ್ಯಾ ಸಿಗಲಿಲ್ರಿ" ಎಂದ ಬಾಬಣ್ಣ. ಅದು ನಿಜವಾಗಿತ್ತು. ಆರು ದಿನಗಳಿಂದ ಜನರಿಗೆ ಗಂಭೀರವಾದ ಮುಖ ತೋರಿಸುವುದರಲ್ಲೇ ಅವನ ಹೊತ್ತು ಹೋಗಿತ್ತು.

ಅರ್ಧ ರೀಲನ್ನು ದಾಸ್ತಾನು ಎಂದು ಬರೆದರೆ ಮೇಲಿನವರು ನಗುತ್ತಾರೆ, ಏನೂ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಾಹೇಬರು ಫೈಲು ಮುಚ್ಚಿದರು. ಜನರನ್ನು ದೂರ ಕಳಿಸಿ ಬಾಬಣ್ಣನ ಕಿವಿಯ ಹತ್ತಿರ ಬಂದರು. "ಅಲ್ರಿ, ನಮ್ಮ ಮನ್ಯಾಗೂ ಒಂದು ಮಷೀನ್ ಐತಿ. ಎರಡು ರೀಲು ಎಲ್ಲೆರ ಸಿಗತಾವೇನು ನೋಡ್ರಿ. ಮನ್ಯಾಗ ದಿನಾ ಕೇಳಾಕತ್ತಾರ."

ಜೀಪು ಹೋದ ಮೇಲೆ ಓಣಿಯವರಿಗೆ ಅನುಮಾನವೇ ಉಳಿಯಲಿಲ್ಲ. ಸರಕಾರವೇ ಬಂದು ಹೋಯಿತೆಂದ ಮೇಲೆ ಮಾತು ಸುಳ್ಳಾಗುವುದು ಹೇಗೆ? ಅಂದು ಸಂಜೆ ಉಳಿದ ಅಂಗಡಿಗಳಲ್ಲಿದ್ದ ಬಿಳಿ ದಾರವೂ ಖಾಲಿಯಾಯಿತು.

ಬಾಬಣ್ಣ ಇನಾಯತನ ಅಂಗಡಿಗೆ ಓಡಿದ. ಬಾಗಿಲಿಗೆ ರಟ್ಟಿನ ಹಲಗೆ ನೇತು ಹಾಕಿತ್ತು: 'ಬಿಳಿ ದಾರ ಇಲ್ಲ. ಕಾರಣಕ್ಕೆ ಟೇಲರ್ ಬಾಬಣ್ಣನವರನ್ನು ಭೆಟ್ಟಿಯಾಗಿರಿ.' ಒಳಗೆ ಇನಾಯತ ಪ್ರಯಾಣಕ್ಕೆ ಚೀಲ ಕಟ್ಟುತ್ತಿದ್ದ. ಬಾಬಣ್ಣನನ್ನು ಕಂಡವನೇ ಬಂದು ತಬ್ಬಿಕೊಂಡ.

"ಬಾಬಣ್ಣಾ, ಮೂರು ವರ್ಷದ ಮಾಲು ಆರು ದಿನದಾಗ ಹೋತಪಾ! ಹಳದಿ ಬಣ್ಣಕ್ಕ ತಿರುಗಿದ್ದನ್ನೂ ಬಿಳಿ ಅಂತ ಒಯ್ದ್ರು. ಇನ್ನ ಐದನೇ ತಾರೀಖಿನ ತನಕ ಯಾಕ ಕುಂಡ್ರಲಿ? ನಾಳೆ ಹೊಂಟೆ ಸೊಲ್ಲಾಪುರಕ್ಕ. ನನ್ನ ಸಲುವಾಗಿ ನೀನು ಇಷ್ಟು ಮಾಡತಿ ಅಂತ ತಿಳದಿದ್ದಿಲ್ಲ."

"ಇನಾಯತ ಭಾಯಿ, ನನಗ ದಾರ ಬೇಕು."

ಇನಾಯತ ನಕ್ಕ. ಬಾಬಣ್ಣ ನಗಲಿಲ್ಲ. ಆಗ ಇನಾಯತನೂ ನಿಲ್ಲಿಸಿದ. "ನಿನ್ನ ಕಡೆ ಇಲ್ಲೇನು? ಖರೇನ ಇಲ್ಲೇನು? ಅಯ್ಯ ಖುದಾ, ನೀನ ಹೇಳಿದಾವ, ನೀನ ಮೊದಲು ಇಟ್ಕೊಂಡಿರತಿ ಅಂತ ನಾನು ಒಂದ ರೀಲೂ ತಗದಿಡಲಿಲ್ಲಲ್ಲೊ!"

ಕತ್ತರಿಸಿಟ್ಟ ಇನ್ನೂರಾ ನಲವತ್ತು ಅಂಗಿಯ ಬಟ್ಟೆ ಮನೆಯಲ್ಲಿ ಬಿದ್ದಿತ್ತು. ಮಷೀನಿನಲ್ಲಿ ಹರಿದರೂ ಸರಿ, ಯಾರದಾದರೂ ದಾರ ಸಿಕ್ಕರೆ ಸಾಕೆಂದು ಬಾಬಣ್ಣ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೊರಟ. ಅಲ್ಲಿ ರೋಹಿಣಿಯ ತಮ್ಮ ವೀರೇಶನ ಬಳೆ-ಸ್ಟೇಷನರಿ ಅಂಗಡಿ ಇತ್ತು. ವೀರೇಶ ಅಕ್ಕನ ಗಂಡನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಪರದೆ ಸರಿಸಿ ತೋರಿಸಿದ. ಛಾವಣಿಯ ತನಕ ಪೆಟ್ಟಿಗೆ.

"ನಿಮ್ಮ ಮಾತು ಕೇಳಿ ರೊಕ್ಕ ಹಾಕೀನಿ ಮಾವ. ಎಲ್ಲಾ ಬಿಳೆದ."

ಬಾಬಣ್ಣನಿಗೆ ಜೀವ ಬಂತು. "ಲೇ ವೀರೇಶ, ಒಂದು ಪೆಟಗಿ ಕೊಡು."

"ನಾಲ್ಕನೇ ತಾರೀಖಿನ ಮ್ಯಾಲೆ ಬರ್ರಿ ಮಾವ."

"ಈಗ ಬೇಕೊ. ಅಂಗಿ ಹೊಲೀಬೇಕು. ಕೇಳಿಲ್ಲೆ, ನಾನು ಹೇಳಿದ್ದು ಚುನಾವಣಿ ಸುದ್ದಿ ಅಲ್ಲ. ಇನಾಯತ ಭಾಯಿ ಅಂಗಡಿ ಬಂದ್ ಮಾಡಾಂವ ಇದ್ದ, ಅದನ್ನ ನಿಮ್ಮ ಅಕ್ಕಗ ಹೇಳಿದ್ದೆ. ನಾಲ್ಕರ ಮ್ಯಾಲೆ ಏನೂ ಆಗಂಗಿಲ್ಲ!"

ವೀರೇಶ ಕಣ್ಣು ಮಿಟುಕಿಸಿ ಪರದೆ ಎಳೆದ. "ಭಾಳ ಹುಷಾರ ಇದ್ದೀರಿ ಮಾವ. ಹಿಂಗ ಹೇಳಿ ಸಸ್ತಾ ಎತ್ತಾಕ ಬಂದೀರಿ. ಊಟ ಮಾಡಿ ಹೋಗ್ರಿ, ದಾರ ಮಾತ್ರ ಕೇಳಬ್ಯಾಡ್ರಿ."

ಊಟ ಚೆನ್ನಾಗಿತ್ತು. ಬಾಬಣ್ಣ ಶಿರಹಟ್ಟಿಗೆ ಹೋದ. ಅಲ್ಲಿಯ ಟೇಲರುಗಳು ಶಾಲು ಹೊದಿಸಿದರು, ದಾರ ಕೊಡಲಿಲ್ಲ. ಅಲ್ಲಿಂದ ಮುಂಡರಗಿಗೆ ಹೋಗಿ, ಪರಿಚಯದ ಗಾದಿ ಅಂಗಡಿಯ ಇಜಾಜನ ಮುಂದೆ ಕುಳಿತುಬಿಟ್ಟ. ಇಜಾಜ ನೀರು ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡ. ಬಾಬಣ್ಣ ನಡೆದದ್ದನ್ನು ನಡೆದಂತೆ ಹೇಳಿದ, ಅವ್ವನ ಆಣೆ ಇಟ್ಟು ಹೇಳಿದ.

"ಬಾಬಣ್ಣಾರ, ನೀವು ಹೇಳೂದು ಖರೆ ಇರಬಹುದು" ಅಂದ ಇಜಾಜ. "ಆದ್ರ ನೀವ ಸ್ವತಃ ಬೆಟಗೇರಿಯಿಂದ ಇಲ್ಲಿ ತನಕ ದಾರ ಹುಡುಕ್ಕೊಂತ ಬಂದೀರಿ ಅಂದ್ರ, ಇನ್ನ ದಾರ ಸಿಗಂಗಿಲ್ಲ ಅನ್ನೂದು ಅದಕ್ಕಿಂತ ಖರೆ ಅಲ್ಲೇನ್ರಿ?"

ಬಾಬಣ್ಣ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವನು ಬಸ್ಸು ಹತ್ತುವಾಗ, ಬೆಟಗೇರಿಯ ಬಾಬಣ್ಣನವರೇ ಬಂದು ಕೇಳಿ ಹೋದರಂತೆ ಎಂಬ ಸುದ್ದಿ ಮುಂಡರಗಿಯ ಸ್ಟ್ಯಾಂಡಿನಲ್ಲಿ ಅವನಿಗಿಂತ ಮೊದಲು ಬಂದು ನಿಂತಿತ್ತು. ಅವನು ಹೋದ ಮೂರೂ ಊರುಗಳಲ್ಲಿ ದಾರ ಇನ್ನಷ್ಟು ತುಟ್ಟಿಯಾಯಿತು.

ಮನೆಗೆ ಬಂದು, ಶಿರಹಟ್ಟಿಯ ಶಾಲು ತೆಗೆದಿಟ್ಟು, ರೋಹಿಣಿಯ ಮುಂದೆ ಕುಳಿತ. "ನಾಳೆ ಶಾಲಿಗೆ ಫೋನ್ ಮಾಡಿ ಆಗಂಗಿಲ್ಲ ಅಂತ ಹೇಳತೀನಿ" ಅಂದ. ಅಂಗಿಗಾಗಿ ಮಕ್ಕಳ ಅಳತೆ ತೆಗೆಯಲು ಅವನೇ ಡಂಬಳಕ್ಕೆ ಹೋಗಿದ್ದ. ಸಾಲಾಗಿ ನಿಂತ ಆ ಮಕ್ಕಳು ಟೇಪು ಮುಟ್ಟಿದರೆ ಕಚಗುಳಿ ಎಂದು ನಕ್ಕಿದ್ದವು.

ಬನಶಂಕರೆವ್ವ ಅಡಿಕೆ ಕತ್ತರಿಸುತ್ತ, "ಬಾಬ್ಯಾ, ಓಣ್ಯಾಗ ಎಲ್ಲಾರ ಮನ್ಯಾಗೂ ದಾರ ಐತೆಲ್ಲೊ" ಅಂದಳು.

"ಐತಿ ಯವ್ವಾ, ಕೊಡಂಗಿಲ್ಲ. ಎಲ್ಲಾ ಗಂಡಸರನ್ನೂ ಕೇಳೀನಿ."

ರೋಹಿಣಿ ಕತ್ತರಿಸಿದ ಕಾಲರುಗಳನ್ನು ಹತ್ತತ್ತರಂತೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಿದಳು. "ನೀವು ಗಂಡಸರನ್ನ ದಾರ ಕೇಳೀರಿ. ನಾ ಹೆಂಗಸರನ್ನ ಹೊಲಿಗಿ ಕೇಳತೀನಿ" ಅಂದವಳೇ ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಅವಳು ಮನೆ ಮನೆಗೆ ಹೋಗಿ ಹೇಳಿದ್ದು ಒಂದೇ. "ದಾರ ಮಾರಬ್ಯಾಡ್ರಿ, ಅದು ನಿಮ್ಮ ಗಂಡಸರ ವ್ಯಾಪಾರ. ನಿಮ್ಮ ಮಷೀನ್ ಸುಮ್ನ ಕುಂತೈತಿ. ಬಂದು ಅಂಗಿ ಹೊಲೀರಿ, ಕೂಲಿ ಅವತ್ತಿಂದು ಅವತ್ತ ಕೊಡತೀನಿ. ಇನಾಯತ ಭಾಯಿ ಬಂದ ಮ್ಯಾಲೆ ರೀಲಿಗೆ ರೀಲು ವಾಪಸ್."

ಹೆಂಗಸರು ನಂಬಿದರು. ರೋಹಿಣಿ ಮೊಬೈಲಿನಲ್ಲಿ ಬಂದವಳಲ್ಲ ಎಂಬುದೇ ಆ ನಂಬಿಕೆಗೆ ದೊಡ್ಡ ಕಾರಣವಾಗಿತ್ತು. ಮೇಲಾಗಿ ಮಂಚದ ಕೆಳಗೆ ಡಬ್ಬಿ ತುಂಬಿ, ಕಸ ಹೊಡೆಯಲು ಜಾಗವಿಲ್ಲದೆ ಅವರೆಲ್ಲ ಬೇಸತ್ತಿದ್ದರು.

ಮರುದಿನ ಗಂಡಸರು ಕೆಲಸಕ್ಕೆ ಹೋಗುತ್ತಲೇ ಹದಿನೆಂಟು ಹೆಂಗಸರು ಸೆರಗಿನಲ್ಲಿ ರೀಲು ಕಟ್ಟಿಕೊಂಡು ಬಂದರು. ಕೆಲವರು ಮಷೀನನ್ನು ಕೈಗಾಡಿಯ ಮೇಲೆ ಹೇರಿ ತಂದರು. ಹಿಂದೆ ಮಗ್ಗ ಇದ್ದ ಉದ್ದನೆಯ ಪಡಸಾಲೆ ತುಂಬಿ, ಕಟ್ಟೆಯ ಮೇಲೂ ಕುಳಿತರು. ಬಹಳ ವರ್ಷಗಳಿಂದ ಆ ಮನೆಯಲ್ಲಿ ಅಷ್ಟು ಸದ್ದು ಆಗಿರಲಿಲ್ಲ. ಬನಶಂಕರೆವ್ವ ನಡುವೆ ಕುಳಿತು, ಕಾಲರು ಸೊಟ್ಟಗಾದರೆ ಬಿಚ್ಚಿಸುತ್ತಿದ್ದಳು. ರೇಣುಕವ್ವ ಹೂವಿನ ಬುಟ್ಟಿ ಬದಿಗಿಟ್ಟು ಗುಂಡಿ ಹಚ್ಚಲು ಕುಳಿತಳು. ಮಾಲೆ ಕಟ್ಟಿ ರೂಢಿಯಾದ ಅವಳ ಕೈಯಲ್ಲಿ ಗುಂಡಿಗಳು ಎಷ್ಟು ಭದ್ರವಾಗಿ ಕುಳಿತವೆಂದರೆ, ಅಂಗಿ ಹರಿದರೂ ಅವು ಕಿತ್ತು ಬರುವಂತಿರಲಿಲ್ಲ. ಬಾಬಣ್ಣ ಅಳತೆ ನೋಡಿ ಬಟ್ಟೆ ಕೊಟ್ಟ, ಹೊಲಿದದ್ದನ್ನು ಇಸ್ತ್ರಿ ಮಾಡಿದ, ನಾಲ್ಕು ಸಲ ಚಹಾ ಮಾಡಿ ನಿಂತವರಿಗೂ ಕುಳಿತವರಿಗೂ ಹಂಚಿದ. ಅರ್ಥವ್ಯವಸ್ಥೆಯ ಬಗ್ಗೆ ಅವನನ್ನು ಯಾರೂ ಕೇಳಲಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದು ಮಾತ್ರ ಹೇಳಿದರು.

ಜೂನ್ ಮೂರರ ಸಂಜೆ ಇನ್ನೂರಾ ನಲವತ್ತನೆಯ ಅಂಗಿ ಮುಗಿಯಿತು.

ನಾಲ್ಕಕ್ಕೆ ಎಣಿಕೆ. ಮೌನೇಶನ ಹೋಟೆಲಿನ ಟಿವಿಯ ಮುಂದೆ ಗಂಡಸರೆಲ್ಲ ಬೆಳಿಗ್ಗೆಯಿಂದ ಕುಳಿತರು. ಯಾರು ಎಷ್ಟು ಸೀಟಿನಿಂದ ಮುಂದಿದ್ದಾರೆ ಎಂಬುದರ ನಡುನಡುವೆ ದಾರದ ಸುದ್ದಿ ಬರಬಹುದೆಂದು ಕಾದರು. ಬರಲಿಲ್ಲ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಕಡೆಯಿಂದ ಒಂದು ಟೆಂಪೊ ಬಂದು ಬಜಾರದಲ್ಲಿ ನಿಂತಿತು. ಗದಗಿನಲ್ಲಿ ಬಿಳಿ ದಾರಕ್ಕೆ ಭಾರಿ ಬೇಡಿಕೆ ಇದೆ ಎಂದು ಕೇಳಿ ಅಲ್ಲಿಯ ಸಗಟು ವ್ಯಾಪಾರಿ ಕಳಿಸಿದ ದಾರ ಅದರ ತುಂಬ ಇತ್ತು. ಅರ್ಧ ತಾಸಿನಲ್ಲಿ ಬಿಳಿ ದಾರ ಎಂದೂ ಇಲ್ಲದಷ್ಟು ಸಸ್ತಾ ಆಯಿತು.

ಬಾಬಣ್ಣನ ಅಂಗಡಿಯ ಮುಂದೆ ಐವತ್ತು ಜನ ಕೂಡಿದರು. ಲಕ್ಷ್ಮೇಶ್ವರದಿಂದ ವೀರೇಶ ಗೂಡ್ಸ್ ಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡೇ ಬಂದಿದ್ದ.

"ಎಲ್ಲಿ ಐತಿ ನಿನ್ನ ತುಟ್ಟಿ? ಹೊರಗ ಬಾ!" ಎಂದು ಯಾರೋ ಕೂಗಿದರು. ಬಾಬಣ್ಣಾರ ಮತ್ತೆ ಬಾಬ್ಯಾ ಆಗಿದ್ದ.

ಬಾಬಣ್ಣ ಹೊರಗೆ ಬಂದು ಸ್ಟೂಲಿನ ಮೇಲೆ ನಿಂತ. ಈ ಸಲ ಏಳು ನಿಮಿಷ ತೆಗೆದುಕೊಳ್ಳಲಿಲ್ಲ.

"ತಪ್ಪು ನಂದು. ನಾ ಹೇಳಿದ್ದು ಇನಾಯತ ಭಾಯಿ ಅಂಗಡಿ ಬಂದ್ ಆಗೂದು. ನೀವು ತಪ್ಪು ತಿಳದ್ರಿ. ಅದು ಅವತ್ತ ನನಗ ಗೊತ್ತಾಗಿತ್ತು. ಹೇಳಲಿಲ್ಲ. ನೀವೆಲ್ಲಾ ರೀ ಹಚ್ಚಿ ಮಾತಾಡಿಸಿದ್ರೆಲ್ಲ, ಅದು ಭಾಳ ಛಲೋ ಅನ್ನಿಸಿತು."

ಸುಶ್ಮಿತಾಳಿಗೂ ಅಳು ಬರುವಂತಾಗಿತ್ತು. ಗುಂಪಿನ ನಡುವೆ ಬಂದು, ಮೊಬೈಲಿನಲ್ಲಿ ಉಳಿದಿದ್ದ ಪೂರ್ತಿ ವಿಡಿಯೋ ಹಚ್ಚಿದಳು. ಡಾಲರು ಕೇಳಿತು, ಪೆಟ್ರೋಲು ಕೇಳಿತು, ಕೊನೆಗೆ ರೋಹಿಣಿಯ ದನಿ ಸ್ಪಷ್ಟವಾಗಿ ಕೇಳಿತು: 'ಏನ್ರೀ, ಡಂಬಳದ ಶಾಲಿ ಅಂಗಿಗೆ ಬಿಳಿ ದಾರ ಯಾವಾಗ ತರತೀರಿ?'

ಐವತ್ತು ಜನರಿಗೂ ಒಬ್ಬ ಹೆಂಗಸಿನ ದಾರದ ಚಿಂತೆಯನ್ನು ತಾವು ದಿಲ್ಲಿಯ ಗುಟ್ಟು ಎಂದು ತಿಳಿದು ಹೊತ್ತು ತಂದದ್ದು ಒಟ್ಟಿಗೇ ಅರ್ಥವಾಗುತ್ತಿತ್ತು. ಮೊದಲು ನಕ್ಕವಳು ಬನಶಂಕರೆವ್ವ. ಆಮೇಲೆ ರೇಣುಕವ್ವ. ಆಮೇಲೆ ಕಿಡಕಿಯಲ್ಲಿ ನಿಂತಿದ್ದ ಹೆಂಗಸರೆಲ್ಲ.

"ನೀವು ನಗ್ರಿ!" ಅಂದ ಮೌನೇಶ. "ಮಂಚದ ಬುಡಕ ಇರೂ ದಾರ ಏನ್ ಮಾಡೂದು ಈಗ?"

"ಮಂಚದ ಬುಡಕ ಎಲ್ಲೈತಿ?" ಎಂದಳು ಕಿಡಕಿಯೊಳಗಿಂದ ಮೌನೇಶನ ಹೆಂಡತಿ ನೇತ್ರಾ. "ಅಂಗಿಯೊಳಗ ಐತಿ. ಕೂಲಿ ನನ್ನ ಡಬ್ಬಿಯೊಳಗ ಐತಿ."

ಮೌನೇಶ ಮನೆಗೆ ಓಡಿದ. ಅವನ ಹಿಂದೆ ಇನ್ನೂ ಹತ್ತಾರು ಜನ ತಮ್ಮ ತಮ್ಮ ಮಂಚದ ಕಡೆ ಓಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಜಗಳಕ್ಕೆ ತಕ್ಕ ಮಾಲೇ ಮನೆಯಲ್ಲಿ ಇಲ್ಲದಾಗ ಮನುಷ್ಯ ಏನು ಮಾಡಬಲ್ಲ? ಉಳಿದವನು ವೀರೇಶ ಒಬ್ಬ. ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತಿದ್ದ. ರೋಹಿಣಿ ಗಾಡಿಯೊಳಗೆ ಇಣುಕಿ ನೋಡಿ, "ಇವತ್ತಿನ ದರಕ್ಕ ತಗೋತೀನಿ. ಇಳಸು" ಅಂದಳು.

ವೀರೇಶ ಪೆಟ್ಟಿಗೆ ಇಳಿಸಿದ. ಮಾವನ ಮುಖ ನೋಡದೆ, "ಮಾವ, ಅವತ್ತ ನೀವು ಖರೆ ಹೇಳಿದ್ರಿ" ಅಂದ.

"ಅದೊಂದ ಸಲ" ಅಂದ ಬಾಬಣ್ಣ.

ಆರನೇ ತಾರೀಖು ಅದೇ ಗಾಡಿಯಲ್ಲಿ ಅಂಗಿಯ ಗಂಟುಗಳನ್ನು ಹೇರಿಕೊಂಡು ಡಂಬಳಕ್ಕೆ ಹೋದರು. ಹೊಲಿದದ್ದು ಹೇಗೆ ಕಾಣುತ್ತದೆ ನೋಡಬೇಕೆಂದು ಏಳೆಂಟು ಹೆಂಗಸರೂ ಹತ್ತಿದರು, ಬನಶಂಕರೆವ್ವ ಚಾಲಕನ ಪಕ್ಕ ಕುಳಿತಳು. ಶಾಲೆಯ ಅಂಗಳದಲ್ಲಿ ಮಕ್ಕಳು ಅಲ್ಲೇ ಹಾಕಿಕೊಂಡು ಓಡಿದವು. ಒಬ್ಬ ಹುಡುಗಿ ತೋಳು ಎತ್ತಿ ಎತ್ತಿ ನೋಡಿಕೊಂಡಳು. ನೇತ್ರಾ ಅವಳನ್ನು ಹಿಡಿದು ನಿಲ್ಲಿಸಿ, ಕಾಲರು ತಿರುವಿ, "ಇದು ನಂದು, ನನ್ನ ಹೊಲಿಗಿ" ಎಂದು ಎಲ್ಲರಿಗೂ ತೋರಿಸಿದಳು. ಹೆಡ್‌ಮೇಡಂ ಹೊಲಿಗೆ ನೋಡಿ, ಹತ್ತಿರದ ಇನ್ನೊಂದು ಶಾಲೆಗೂ ಮುನ್ನೂರು ಬೇಕಂತೆ, ಆಗುತ್ತದೆಯೇ ಎಂದು ಕೇಳಿದರು. ಬಾಬಣ್ಣ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಎಂಟು ದನಿಗಳು "ಆಕ್ಕೈತ್ರಿ!" ಅಂದವು.

ತಿರುಗಿ ಬರುವಾಗ ಡಂಬಳದ ಕೆರೆಯ ಏರಿಯ ಹತ್ತಿರ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ನೀರಿನ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಎಲ್ಲರೂ ಹೊಸ ಮುನ್ನೂರು ಅಂಗಿಯ ಮಾತಿನಲ್ಲಿದ್ದರು. ಬಾಬಣ್ಣ ಮರದ ಬೇರಿನ ಮೇಲೆ ಕಾಲು ಚಾಚಿ ಕುಳಿತು, ಯಾರೂ ತನ್ನನ್ನು ಏನೂ ಕೇಳದೆ ಇರುವುದು ಎಷ್ಟು ಸುಖ ಎಂದುಕೊಳ್ಳುತ್ತ ರೊಟ್ಟಿ ಮುರಿಯುತ್ತಿದ್ದ.

ಆಗ ಬನಶಂಕರೆವ್ವ ಏನೋ ನೆನಪಾದವಳಂತೆ ಕೈ ತಡೆದಳು.

"ಬಾಬ್ಯಾ, ಅಂದಂಗ ದಿಲ್ಲಿಯೊಳಗ ಗೆದ್ದಾವರು ಯಾರೊ?"

ಹೆಂಗಸರೆಲ್ಲ ಮಾತು ನಿಲ್ಲಿಸಿ ಅವನ ಕಡೆ ತಿರುಗಿದರು. ಈ ಗದ್ದಲದಲ್ಲಿ ಅವರೂ ಅದನ್ನು ಕೇಳಿರಲಿಲ್ಲ. ಬಾಬಣ್ಣ ನೆಟ್ಟಗೆ ಕುಳಿತ. ಗಂಟಲು ಸರಿ ಮಾಡಿಕೊಂಡ. "ಮೊದಲನೇದಾಗಿ..." ಅಂದ.

ರೋಹಿಣಿ ಒಂದು ದೊಡ್ಡ ತುತ್ತು ಝುಣಕ-ರೊಟ್ಟಿ ಮಾಡಿ ಅವನ ಬಾಯಿಗೆ ಇಟ್ಟಳು.

"ನೀವು ಹೇಳಬ್ಯಾಡ್ರಿ. ಉಳ್ಳಾಗಡ್ಡಿ ತುಟ್ಟಿ ಆದೀತು."